‘ಅಮ್ಮನಿಗೆ ಆ ಇಂಜೆಕ್ಷನ್ ಕೊಡಿಸಬಹುದಾ ಮಿಸ್?’

ತರಗತಿ: 10 ವಿಷಯ: ವಿಜ್ಞಾನ
ಘಟಕ: ಜೀವಕ್ರಿಯೆಗಳು ಉಪಘಟಕ: ಉಸಿರಾಟ

ತರಗತಿಯಲ್ಲಿ ನಡೆದದ್ದು: ಗ್ಲುಕೋಸ್ ವಿಭಜನೆ ವಿವರಿಸುತ್ತಾ, ಪಠ್ಯದಲ್ಲಿಲ್ಲದಿದ್ದರೂ, ‘ಎನ್‌ಎಡಿ ಎಂಬ ಸಹಕಿಣ್ವ ಜೀವಕೋಶಕ್ಕೆ ಶಕ್ತಿ ಕೊಡುತ್ತದೆ’ ಎಂದೆ. ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು: “ಮೊಬೈಲ್‌ನಲ್ಲಿ ಅದರ ಜಾಹೀರಾತು ನೋಡಿದೀನಿ ಮಿಸ್. ಅಮ್ಮನಿಗೆ ಯಾವಾಗಲೂ ಸುಸ್ತು. ಆ ಇಂಜೆಕ್ಷನ್ ಕೊಡಿಸಬಹುದಾ?” ತಪ್ಪು ನನ್ನ ವಾಕ್ಯದಲ್ಲಿತ್ತು.

ತಿದ್ದಿದ ಚಟುವಟಿಕೆ: ಒಬ್ಬಳು ಗ್ಲುಕೋಸ್, ಕೈಯಲ್ಲಿ ಸೀಮೆಸುಣ್ಣದ ತುಂಡುಗಳು. ಒಬ್ಬ ಮೈಟೋಕಾಂಡ್ರಿಯಾ. ನಡುವೆ ಖಾಲಿ ಬುಟ್ಟಿ ಹಿಡಿದು ಓಡಾಡುವವನು ಎನ್‌ಎಡಿ. ಬುಟ್ಟಿ ತುಂಬಿ ಹೋಗಿ ಖಾಲಿಯಾಗಿ ಮರಳಿತು. “ಬುಟ್ಟಿ ಹೆಚ್ಚಿಸಿದರೆ ಸೀಮೆಸುಣ್ಣ ಹೆಚ್ಚುತ್ತದೆಯೇ?” ಎಂದೆ. “ಇಲ್ಲ” ಎಂದರು. ಎನ್‌ಎಡಿ ಇಂಧನವಲ್ಲ, ಹೈಡ್ರೋಜನ್ ಮತ್ತು ಎಲೆಕ್ಟ್ರಾನ್‌ಗಳನ್ನು ಸಾಗಿಸುವ ವಾಹಕ.

ಬುಟ್ಟಿಯೇ ಇಲ್ಲದಿದ್ದರೂ ಕೆಲಸ ನಿಲ್ಲುತ್ತದೆ. ದೇಹ ಎನ್‌ಎಡಿಯನ್ನು ನಯಾಸಿನ್ (ಬಿ3) ಜೀವಸತ್ವದಿಂದ ತಯಾರಿಸಿಕೊಳ್ಳುತ್ತದೆ. ಅದರ ತೀವ್ರ ಕೊರತೆಯಿಂದ ಪೆಲ್ಲಾಗ್ರ ಬರುತ್ತದೆ. ಶೇಂಗಾ, ಮೀನು, ಮಾಂಸಗಳಲ್ಲಿ ನಯಾಸಿನ್ ಚೆನ್ನಾಗಿದೆ.

ಸುರಕ್ಷತೆ: ಎನ್‌ಎಡಿ ದೊಡ್ಡ ಅಣು, ಕೋಶಪೊರೆಯನ್ನು ಸುಲಭವಾಗಿ ದಾಟದು. ರಕ್ತನಾಳಕ್ಕೆ ವೇಗವಾಗಿ ಹರಿಸಿದರೆ ವಾಕರಿಕೆ, ಹೊಟ್ಟೆ ನುಲಿತ, ಎದೆ ಬಿಗಿತ ಕಾಣಿಸಬಹುದು. ಶುದ್ಧವಲ್ಲದ ಔಷಧಿಯಿಂದ ಸೋಂಕಿನ ಭಯವೂ ಉಂಟು. ಆರೋಗ್ಯವಂತರ ಸುಸ್ತು ಇದರಿಂದ ನೀಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಸುಸ್ತಿಗೆ ರಕ್ತಹೀನತೆ, ಥೈರಾಯ್ಡ್ ತೊಂದರೆ, ಸಕ್ಕರೆ ಕಾಯಿಲೆಯೂ ಕಾರಣವಿರಬಹುದು. “ಮೊದಲು ಅಮ್ಮನನ್ನು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ರಕ್ತಪರೀಕ್ಷೆ ಮಾಡಿಸಿ” ಎಂದು ಅವಳಿಗೆ ಹೇಳಿದೆ.

ಮೌಲ್ಯಮಾಪನ: ವಾಹಕಕ್ಕೂ ಇಂಧನಕ್ಕೂ ಇರುವ ವ್ಯತ್ಯಾಸವನ್ನು ಬುಟ್ಟಿಯ ಉದಾಹರಣೆಯಿಂದ ವಿವರಿಸಿ.

ಸ್ವಾವಲೋಕನ: ಪಾಠಯೋಜನೆಯಲ್ಲಿ ‘ಶಕ್ತಿ ಕೊಡುತ್ತದೆ’ ಎಂಬುದನ್ನು ಹೊಡೆದುಹಾಕಿ ‘ಶಕ್ತಿ ಬಿಡುಗಡೆಗೆ ನೆರವಾಗುತ್ತದೆ’ ಎಂದು ಬರೆದುಕೊಂಡಿದ್ದೇನೆ. ನಾವು ಸಡಿಲವಾಗಿ ಆಡಿದ ಮಾತನ್ನು ಮಕ್ಕಳು ಮನೆಗೆ ಒಯ್ಯುತ್ತಾರೆ.