ಭಯದ ಆಟ

ಭಯವು ಮಾನವನ ಹುಟ್ಟುಗುಣಗಳಲ್ಲೊಂದು. ಅಪಾಯದಿಂದ ದೂರವಿರಲು ಅದು ಅವನಿಗೆ ನೆರವಾಗುತ್ತದೆ. ಆದರೆ ಮಾನವನು ಭಯಕ್ಕೆ ಅಂಜಿ ಓಡುವಂತೆಯೇ, ಅದನ್ನು ತಾನಾಗಿ ಕರೆದು ಅದರೊಡನೆ ಆಡುವುದೂ ಉಂಟು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹಳ್ಳಿಗಳಲ್ಲಿ ಹಿರಿಯರು ಇರುಳಿನಲ್ಲಿ ಹೇಳುತ್ತ ಬಂದ ದೆವ್ವದ ಕಥೆಗಳೇ ಇದಕ್ಕೆ ಸಾಕ್ಷಿ. ಹಾಳುಬಾವಿಯ ಮೋಹಿನಿ, ಹುಣಸೆಮರದ ದೆವ್ವ, ದೂರದ ಹೊಲದಲ್ಲಿ ಮಿನುಗುವ ಕೊಳ್ಳಿದೆವ್ವ! ಕೇಳುವ ಮಕ್ಕಳು ಅಂಜಿ ಅಜ್ಜಿಯ ಮಗ್ಗುಲಿಗೆ ಸರಿಯುತ್ತಾರೆ, ಆದರೂ “ಮುಂದೇನಾತಬೇ?” ಎಂದು ಕೇಳುವುದನ್ನು ಬಿಡುವುದಿಲ್ಲ.

ಕಥೆ ಕೇಳುವವನೇ ಕಥೆಯೊಳಗಿನ ಪಾತ್ರವಾದರೆ ಹೇಗೆ? ಈ ಯೋಚನೆಯಿಂದ ಹೊಸದೊಂದು ಬಗೆಯ ಆಟ ಹುಟ್ಟಿತು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ಇಂತಹ ಆಟವೊಂದನ್ನು ಪ್ರಕಟಿಸಿದರು. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಒಬ್ಬನು ಸೂತ್ರಧಾರನಾಗಿ ಸನ್ನಿವೇಶವನ್ನು ವರ್ಣಿಸುತ್ತಾನೆ. ಉಳಿದವರು ತಮ್ಮ ತಮ್ಮ ಪಾತ್ರ ಏನು ಮಾಡುವುದೆಂಬುದನ್ನು ಹೇಳುತ್ತಾರೆ. ಯತ್ನ ಫಲಿಸುವುದೋ ಇಲ್ಲವೋ ಎಂಬುದನ್ನು ದಾಳವು ನಿರ್ಣಯಿಸುತ್ತದೆ.

ಜನಪದ ನಂಬಿಕೆಗಳನ್ನೇ ಆಧರಿಸಿದ ಭಯಾನಕ ಆಟಗಳೂ ಈ ಬಗೆಯಲ್ಲಿವೆ. ಸ್ವೀಡನ್ ದೇಶದ ‘ವೇಸೆನ್’ ಅವುಗಳಲ್ಲೊಂದು. ಯೋಹಾನ್ ಎಗರ್‌ಕ್ರಾನ್ಸ್ ಎಂಬ ಚಿತ್ರಕಾರನು ಆ ನಾಡಿನ ಜನಪದ ಜೀವಿಗಳನ್ನು ಕುರಿತು ರಚಿಸಿದ ಸಚಿತ್ರ ಗ್ರಂಥವೇ ಇದಕ್ಕೆ ಮೂಲ. 2020ರಲ್ಲಿ ಪ್ರಕಟವಾದ ಈ ಆಟದ ಕಥೆಗಳು ಹತ್ತೊಂಬತ್ತನೆಯ ಶತಮಾನದಲ್ಲಿ ನಡೆಯುತ್ತವೆ. ಇದರಲ್ಲಿ ಭೂತವನ್ನು ಬರಿಯ ಕತ್ತಿಯಿಂದ ಗೆಲ್ಲುವುದು ಸುಲಭವಲ್ಲ. ಮನೆ ಕಾಯುವ ಕುಳ್ಳ ಭೂತವೊಂದು ಮುನಿದು ಪೀಡಿಸುತ್ತಿದ್ದರೆ, ಅದು ಮುನಿದುದೇಕೆ, ಮನೆಯವರು ಮರೆಮಾಚಿದ ತಪ್ಪು ಯಾವುದು ಎಂಬುದನ್ನು ಆಟಗಾರರು ವಿಚಾರಿಸಿ ತಿಳಿಯಬೇಕು. ವಿಚಾರಣೆಯೇ ಇಲ್ಲಿ ಮುಖ್ಯ ಆಯುಧ.

ಈ ಕ್ರಮವು ನಮ್ಮ ನಾಡಿಗೆ ತೀರ ಹೊಸತಲ್ಲ. ಗೋಕಾಕ ಸೀಮೆಯ ಕುಲಗೋಡ ಮತ್ತು ಕೌಜಲಗಿ ಗ್ರಾಮಗಳು ಶ್ರೀಕೃಷ್ಣ ಪಾರಿಜಾತ ಬಯಲಾಟಕ್ಕೆ ಹೆಸರಾದವು. ಕುಲಗೋಡ ತಮ್ಮಣ್ಣನು ಆ ಆಟಕ್ಕೆ ರಂಗರೂಪ ಕೊಟ್ಟನು. ಕೌಜಲಗಿ ನಿಂಗಮ್ಮನು ಅದರಿಂದ ಅಪಾರ ಕೀರ್ತಿ ಗಳಿಸಿದಳು. ಅದರ ಕಥೆ ಭಯದ್ದಲ್ಲ, ಸತ್ಯಭಾಮೆಯ ಮುನಿಸಿನದು. ಆದರೆ ಆಡುವ ರೀತಿಯಲ್ಲಿ ಹೋಲಿಕೆ ಉಂಟು. ಭಾಗವತನು ರಂಗಕ್ಕೆ ಬಂದ ಪಾತ್ರವನ್ನು ಮಾತಿಗೆಳೆಯುತ್ತಾನೆ. ಪಾತ್ರಧಾರಿಯು ಸಮಯಸ್ಫೂರ್ತಿಯಿಂದ ಉತ್ತರ ಕೊಡುತ್ತಾನೆ. ಬೆಳಗಾಗುವ ಹೊತ್ತಿಗೆ ವೇಷ ಕಳಚುತ್ತದೆ. ರಾತ್ರಿ ಕೃಷ್ಣನಾಗಿದ್ದವನು ಹಗಲು ಹೊಲಕ್ಕೆ ಹೊರಡುತ್ತಾನೆ.

ಆಟದ ಜೀವಾಳ ಇರುವುದು ಇಲ್ಲಿಯೇ. ಆಟದ ಭಯಕ್ಕೆ ಎಲ್ಲರ ಒಪ್ಪಿಗೆಯುಂಟು, ನಿಯಮವುಂಟು, ಮುಕ್ತಾಯವುಂಟು. ಬೇಡವೆಂದವನು ಎದ್ದು ಹೋಗಬಹುದು. ಮಾಟ ಮಂತ್ರಗಳ ಹೆಸರಿನಲ್ಲಿ ಹಣ ಕೀಳುವ ವಂಚಕನು ಬಿತ್ತುವ ಭಯಕ್ಕೆ ಇವು ಯಾವುವೂ ಇಲ್ಲ. ಅದು ರೋಗಿಯನ್ನು ವೈದ್ಯನಿಂದ ದೂರವಿಡುತ್ತದೆ. ನಿರಪರಾಧಿಯ ಮೇಲೆ ಮಾಟಗಾತಿಯೆಂಬ ಕಳಂಕ ಹೊರಿಸುತ್ತದೆ. ದೆವ್ವ ಬಿಡಿಸುವ ನೆವದಲ್ಲಿ ದುರ್ಬಲರನ್ನು ಹೊಡೆಯಿಸುತ್ತದೆ.

ಇಂತಹ ಅನಾಚಾರಗಳನ್ನು ತಡೆಯಲು ಕರ್ನಾಟಕ ಸರಕಾರವು ಕಾಯಿದೆಯೊಂದನ್ನು ತಂದಿತು. ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ನಿಷೇಧಿಸುವ ಮಸೂದೆಗೆ 2017ರ ನವೆಂಬರಿನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ಒಪ್ಪಿಗೆ ದೊರೆಯಿತು; 2020ರ ಜನವರಿಯಲ್ಲಿ ಕಾಯಿದೆ ಜಾರಿಗೆ ಬಂದಿತು. ಹಾವು, ಚೇಳು ಕಚ್ಚಿದವರಿಗೆ ಔಷಧೋಪಚಾರ ತಪ್ಪಿಸಿ ಮಂತ್ರ ಹಾಕಿಸುವುದು ಸಹ ಅದರಂತೆ ಅಪರಾಧ. ತಪ್ಪಿತಸ್ಥರಿಗೆ ಒಂದರಿಂದ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು.

ಕಾಯಿದೆಯು ವಂಚಕನನ್ನು ಶಿಕ್ಷಿಸಬಲ್ಲುದು. ಮನಸ್ಸಿನ ಅಂಜಿಕೆಯನ್ನು ವಿಚಾರವೇ ಕಳೆಯಬೇಕು. 2014ರಿಂದ ಮಾನವ ಬಂಧುತ್ವ ವೇದಿಕೆಯು ಡಿಸೆಂಬರ್ 6ರಂದು ಬೆಳಗಾವಿಯ ಸದಾಶಿವನಗರದ ಸ್ಮಶಾನದಲ್ಲಿ ಜನರನ್ನು ಸೇರಿಸಿ, ಅಲ್ಲಿಯೇ ಊಟ ಮಾಡಿ ಇರುಳು ಕಳೆಯುವ ಕಾರ್ಯಕ್ರಮ ನಡೆಸಿದ್ದು ಈ ಉದ್ದೇಶದಿಂದಲೇ. ಯಾವ ಭೂಮಿಗೆ ಜನರು ಅಂಜುತ್ತಿದ್ದರೋ ಅಲ್ಲಿಯೇ ಎಲೆ ಹಾಕಿ ಉಂಡರು.

ಹಾಗೆಂದು ಅಜ್ಜಿಯ ದೆವ್ವದ ಕಥೆಯನ್ನು ತೊರೆಯಬೇಕಾಗಿಲ್ಲ. ಅದು ನಾಡಿನ ಕಲ್ಪನೆಯ ಸಂಪತ್ತು. ಕಥೆಯನ್ನು ಕಥೆಯೆಂದು ಸವಿಯಬೇಕು, ವೇಷವನ್ನು ವೇಷವೆಂದು ಅರಿಯಬೇಕು. ಭಯವನ್ನು ಆಡಿಸಬಲ್ಲವನು ಭಯದ ಕೈಗೊಂಬೆಯಾಗುವುದಿಲ್ಲ.

ಅಭ್ಯಾಸ
1. ‘ವೇಸೆನ್’ ಆಟದಲ್ಲಿ ವಿಚಾರಣೆಗೆ ಏಕೆ ಮಹತ್ವವಿದೆ?
2. ಪಾರಿಜಾತದ ಭಾಗವತನಿಗೂ ಮೇಜಿನಾಟದ ಸೂತ್ರಧಾರನಿಗೂ ಇರುವ ಹೋಲಿಕೆಯನ್ನು ತಿಳಿಸಿರಿ.
3. ಆಟದ ಭಯಕ್ಕೂ ವಂಚಕನು ಬಿತ್ತುವ ಭಯಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಿರಿ.