ಟೆಸ್ಟೋಸ್ಟೆರಾನ್ ಕಡಿಮೆ ಬಂದಿದೆಯೇ? ಚುಚ್ಚುಮದ್ದು ಆಮೇಲೆ

ಎಂಬತ್ತು ಪರೀಕ್ಷೆಗಳ ಹೆಲ್ತ್ ಚೆಕಪ್ ಪ್ಯಾಕೇಜಿನ ವರದಿ ಮೊಬೈಲಿಗೆ ಬರುತ್ತದೆ. ಸಕ್ಕರೆ, ಕೊಬ್ಬು, ಥೈರಾಯ್ಡ್ ಎಲ್ಲ ದಾಟಿ ಕೆಳಗಿಳಿದರೆ ‘ಟೋಟಲ್ ಟೆಸ್ಟೋಸ್ಟೆರಾನ್’ ಎಂಬ ಸಾಲು, ಎದುರಿಗೆ 262, ಪಕ್ಕದಲ್ಲಿ ದಪ್ಪಕ್ಷರದ ‘ಲೋ’. ಅದೇ ಹಾಳೆಯ ಮೇಲ್ತುದಿಯಲ್ಲಿ ರಕ್ತ ತೆಗೆದ ಹೊತ್ತು ಸಣ್ಣಕ್ಷರದಲ್ಲಿ ನಮೂದಾಗಿರುತ್ತದೆ: ಮಧ್ಯಾಹ್ನ 3.40. ಕಣ್ಣು ‘ಲೋ’ ಮೇಲೆ ನಿಲ್ಲುತ್ತದೆ, 3.40ನ್ನು ಯಾರೂ ಓದುವುದಿಲ್ಲ. ಅಲ್ಲಿಂದ ಚುಚ್ಚುಮದ್ದಿನವರೆಗಿನ ದಾರಿ ಈಗ ಬಹಳ ಚಿಕ್ಕದಾಗಿಬಿಟ್ಟಿದೆ. ಆದರೆ ಟೆಸ್ಟೋಸ್ಟೆರಾನ್ ಇಳಿಯುವುದು ಜ್ವರ ಏರುವುದರ ಹಾಗೆ. ಎಷ್ಟು ಇಳಿದಿದೆ ಎಂಬುದಕ್ಕಿಂತ ಯಾಕೆ ಇಳಿಯಿತು ಎಂಬ ಪ್ರಶ್ನೆ ದೊಡ್ಡದು. ಆ ಪ್ರಶ್ನೆಯನ್ನು ದಾಟಿಕೊಂಡು ಶುರುವಾಗುವ ಚಿಕಿತ್ಸೆ ಎಷ್ಟೋ ಸಲ ಗುಣಕ್ಕಿಂತ ಹೆಚ್ಚು ಕೇಡು ಮಾಡುತ್ತದೆ.

ಮೊದಲ ಹೆಜ್ಜೆ ಲಕ್ಷಣಗಳದ್ದು. ಸುಸ್ತು, ಸಿಡುಕು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಇವೆಲ್ಲ ಹಾರ್ಮೋನು ಕೊರತೆಯಲ್ಲಿ ಇರುತ್ತವೆ, ನಿಜ. ಆದರೆ ನಿದ್ದೆಗೆಟ್ಟವರಲ್ಲಿ, ರಕ್ತಹೀನತೆ ಇರುವವರಲ್ಲಿ, ಖಿನ್ನತೆಯಲ್ಲಿ, ಥೈರಾಯ್ಡ್ ತೊಂದರೆಯಲ್ಲಿ, ಬಿ12 ಕಡಿಮೆಯಾದವರಲ್ಲೂ ಇರುತ್ತವೆ. ಯುರೋಪಿನಲ್ಲಿ 40ರಿಂದ 79ರ ವಯಸ್ಸಿನ 3,369 ಗಂಡಸರನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಜಾಲಾಡಿತು. ಹಾರ್ಮೋನಿನ ಮಟ್ಟದೊಂದಿಗೆ ಗಟ್ಟಿಯಾಗಿ ತಾಳೆಯಾದದ್ದು ಮೂರೇ ಲಕ್ಷಣ: ಬೆಳಗಿನ ಜಾವದ ನಿಮಿರುವಿಕೆ ಅಪರೂಪವಾಗುವುದು, ಕಾಮಾಸಕ್ತಿ ಕುಗ್ಗುವುದು, ಸಂಭೋಗದ ಹೊತ್ತಿನಲ್ಲಿ ನಿಮಿರುವಿಕೆ ಬಾರದಿರುವುದು. ಈ ಮೂರೂ ಇದ್ದು, ರಕ್ತದಲ್ಲೂ ಕೊರತೆ ಕಂಡವರು ಶೇ 2.1ರಷ್ಟು ಮಾತ್ರ. ನಮ್ಮಲ್ಲಿ ಗಂಡಸಿನ ಸುಸ್ತಿಗೆಲ್ಲ ‘ಧಾತು ನಷ್ಟ’ ಎಂದು ಹೆಸರಿಟ್ಟು, ಬಸ್ ನಿಲ್ದಾಣದ ಗೋಡೆಗಳ ಮೇಲೆ ಮದ್ದು ಮಾರಿದ ಕಾಲವೊಂದಿತ್ತು. ಅಂಥ ಜಾಹೀರಾತನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಈಗ ಅದೇ ಭಯಕ್ಕೆ ಇಂಗ್ಲಿಷ್ ಹೆಸರು, ಲ್ಯಾಬಿನ ಹಾಳೆ ಸಿಕ್ಕಿವೆ ಎಂದು ನನಗನ್ನಿಸುತ್ತದೆ.

ಎರಡನೆಯದು ಪರೀಕ್ಷೆ. ಟೆಸ್ಟೋಸ್ಟೆರಾನ್ ಬೆಳಗ್ಗೆ ಏರಿ ಸಂಜೆಯ ಹೊತ್ತಿಗೆ ಇಳಿಯುತ್ತದೆ. ಊಟ ಮಾಡಿದರೂ ಇಳಿಯುತ್ತದೆ. ಆದ್ದರಿಂದ ರಾತ್ರಿ ನೆಟ್ಟಗೆ ನಿದ್ದೆ ಮಾಡಿ, ಖಾಲಿ ಹೊಟ್ಟೆಯಲ್ಲಿ, ಬೆಳಗ್ಗೆ 7ರಿಂದ 10ರೊಳಗೆ ರಕ್ತ ಕೊಡಬೇಕು. ಕಡಿಮೆ ಬಂದರೆ ಇನ್ನೊಂದು ದಿನ ಹಾಗೆಯೇ ಮತ್ತೊಮ್ಮೆ. ಜ್ವರ ಬಂದಿದ್ದಾಗ, ಆಪರೇಷನ್ ಆದ ಹೊಸತರಲ್ಲಿ ಮಾಡಿಸಿದ ಪರೀಕ್ಷೆ ಲೆಕ್ಕಕ್ಕಿಲ್ಲ. ನಿದ್ದೆಯ ಮಾತು ಸುಮ್ಮನೆ ಸೇರಿಸಿದ್ದಲ್ಲ. ಹತ್ತು ಮಂದಿ ಆರೋಗ್ಯವಂತ ಯುವಕರನ್ನು ಒಂದು ವಾರ ರಾತ್ರಿಗೆ ಐದೇ ಗಂಟೆ ಮಲಗಿಸಿದ ಪ್ರಯೋಗವೊಂದರಲ್ಲಿ, ಹಗಲಿನ ಮಟ್ಟ ಶೇ 10ರಿಂದ 15ರಷ್ಟು ಕುಸಿಯಿತು. ಅದು ಪುಟ್ಟ ಪ್ರಯೋಗ, ಆದರೂ ರಾತ್ರಿ ಪಾಳಿಯವರು ಗಮನಿಸಬೇಕಾದ್ದು. ಇನ್ನು ಕೊರತೆಯ ಗೆರೆ ಎಲ್ಲಿ? ಅಮೆರಿಕದ ಮೂತ್ರರೋಗ ತಜ್ಞರ ಸಂಘ ಡೆಸಿಲೀಟರಿಗೆ 300 ನ್ಯಾನೊಗ್ರಾಂ ಎನ್ನುತ್ತದೆ. ಅಲ್ಲಿಯದೇ ಹಾರ್ಮೋನು ತಜ್ಞರ ಸಂಸ್ಥೆ ಆರೋಗ್ಯವಂತ ಯುವಕರ ಕೆಳಮಿತಿಯನ್ನು 264ಕ್ಕೆ ಇಟ್ಟಿದೆ. ಎರಡೂ 2018ರ ಮಾರ್ಗಸೂಚಿಗಳೇ. 280 ಬಂದವನು ಒಬ್ಬರ ಪ್ರಕಾರ ರೋಗಿ, ಇನ್ನೊಬ್ಬರ ಪ್ರಕಾರ ಅಲ್ಲ. ಬೊಜ್ಜಿರುವವರಲ್ಲಿ ಈ ಹಾರ್ಮೋನನ್ನು ಹೊತ್ತು ತಿರುಗುವ ಪ್ರೋಟೀನೇ ಕಡಿಮೆ ಇರುವುದರಿಂದ, ಒಟ್ಟು ಮಟ್ಟ ಇಳಿದಂತೆ ಕಂಡರೂ ದೇಹದ ಬಳಕೆಗೆ ಸಿಗುವ ‘ಫ್ರೀ’ ಟೆಸ್ಟೋಸ್ಟೆರಾನ್ ಸರಿಯಾಗಿಯೇ ಇರಬಹುದು. ಗೆರೆಯ ಆಸುಪಾಸಿನಲ್ಲಿರುವವರು ಅದನ್ನೂ ನೋಡಿಸಬೇಕು.

ಎರಡು ಬೆಳಗಿನ ಪರೀಕ್ಷೆಯಲ್ಲೂ ಕಡಿಮೆ ಎಂದಾದರೆ ಮೂರನೆಯ ಹೆಜ್ಜೆ, ಹೆಚ್ಚಿನವರು ಹಾರಿಬಿಡುವ ಹೆಜ್ಜೆ ಇದು. ವೃಷಣಗಳು ತಾವಾಗಿ ಕೆಲಸ ಮಾಡುವುದಿಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಎಂಬ ಹಾರ್ಮೋನನ್ನು ಕಳಿಸಿದರೆ ಅವು ಟೆಸ್ಟೋಸ್ಟೆರಾನ್ ಮಾಡುತ್ತವೆ; ರಕ್ತದಲ್ಲಿ ಅದು ಸಾಕಷ್ಟಾದರೆ ಪಿಟ್ಯುಟರಿ ಕೈ ಬಿಗಿಹಿಡಿಯುತ್ತದೆ. ಮನೆಯ ಮೇಲಿನ ಟ್ಯಾಂಕ್ ತುಂಬಿದೊಡನೆ ಸಂಪಿನ ಮೋಟಾರು ತಾನೇ ನಿಲ್ಲುವ ವ್ಯವಸ್ಥೆ ಇದು. ಟ್ಯಾಂಕ್ ಬರಿದಾಗಿ ಎಲ್‌ಎಚ್ ಏರಿದ್ದರೆ ಕೆಟ್ಟಿರುವುದು ವೃಷಣ. ಟ್ಯಾಂಕ್ ಬರಿದಾಗಿದ್ದರೂ ಎಲ್‌ಎಚ್ ಕಡಿಮೆ ಅಥವಾ ಮಾಮೂಲಿನಷ್ಟೇ ಇದ್ದರೆ ತೊಂದರೆ ಪಿಟ್ಯುಟರಿಯ ಕಡೆಯದು. ಮೊದಲ ಗುಂಪಿನಲ್ಲಿ ಹುಟ್ಟಿನಿಂದ ಬರುವ ಕ್ಲೈನ್‌ಫೆಲ್ಟರ್ ಸಿಂಡ್ರೋಮ್, ಅಂದರೆ ಒಂದು ಎಕ್ಸ್ ಕ್ರೋಮೊಸೋಮ್ ಹೆಚ್ಚಿರುವುದು, ಮುಖ್ಯ. ವೃಷಣಕ್ಕೂ ತಗುಲಿದ ಮಂಗನ ಬಾವು, ಕ್ಯಾನ್ಸರ್ ಚಿಕಿತ್ಸೆ ಕೂಡ ಇದೇ ಸಾಲಿನವು. ಇವನ್ನು ಗುರುತಿಸಲು ದುಬಾರಿ ಯಂತ್ರವೇ ಬೇಕೆಂದಿಲ್ಲ. ಜ್ಯೂರಿಕ್‌ನ ವೈದ್ಯ ಆಂಡ್ರಿಯಾ ಪ್ರಾಡರ್ 1966ರಲ್ಲಿ ಬಳಕೆಗೆ ತಂದ ಮಣಿಸರವೊಂದಿದೆ: ಜಪಮಾಲೆಯಂತೆ ಪೋಣಿಸಿದ ಹನ್ನೆರಡು ಮೊಟ್ಟೆಯಾಕಾರದ ಮಣಿ, ಚಿಕ್ಕದು 1 ಮಿಲಿಲೀಟರ್, ದೊಡ್ಡದು 25. ವೈದ್ಯರು ಒಂದು ಕೈಯಲ್ಲಿ ವೃಷಣ, ಇನ್ನೊಂದರಲ್ಲಿ ಮಣಿ ಹಿಡಿದು ಹೋಲಿಸುತ್ತಾರೆ. ವಯಸ್ಕರಲ್ಲಿ ಸಾಮಾನ್ಯವಾಗಿ 15ರ ಮಣಿಗೋ ಅದಕ್ಕಿಂತ ದೊಡ್ಡದಕ್ಕೋ ಹೊಂದಬೇಕು. ಕ್ಲೈನ್‌ಫೆಲ್ಟರ್ ಇರುವವರಲ್ಲಿ ಐದನ್ನೂ ಮುಟ್ಟದಿರಬಹುದು. ಸಂಕೋಚದಿಂದ ಈ ಪರೀಕ್ಷೆಯನ್ನು ಬಿಟ್ಟುಬಿಡುವುದರಿಂದಲೇ, ಮದುವೆಯಾಗಿ ಮಕ್ಕಳಾಗದೆ ತಪಾಸಣೆಗೆ ಹೋದಾಗಷ್ಟೇ ಇದು ಎಷ್ಟೋ ಜನರಿಗೆ ಗೊತ್ತಾಗುತ್ತದೆ.

ಎಲ್‌ಎಚ್ ಕಡಿಮೆ ಇರುವ ಗುಂಪಿನಲ್ಲಿ ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ಪಿಟ್ಯುಟರಿ ಹಾರ್ಮೋನನ್ನು ನೋಡಲೇಬೇಕು. ಅದು ತೀರಾ ಏರಿದ್ದು, ತಲೆನೋವು, ಪಕ್ಕದ ನೋಟ ಮಸುಕಾಗುವುದು ಇದ್ದರೆ ಪಿಟ್ಯುಟರಿಯಲ್ಲಿ ಗಡ್ಡೆ ಇರಬಹುದು; ಎಂಆರ್‌ಐ ಬೇಕು. ಪ್ರೊಲ್ಯಾಕ್ಟಿನ್ ಗಡ್ಡೆಗಳು ಹೆಚ್ಚಾಗಿ ಕ್ಯಾಬರ್ಗೋಲಿನ್ ಮಾತ್ರೆಗೇ ಕುಗ್ಗುತ್ತವೆ, ಟೆಸ್ಟೋಸ್ಟೆರಾನ್ ತಾನಾಗಿ ಮೇಲೇಳುತ್ತದೆ. ಹದಿಹರೆಯವೇ ಬಾರದೆ, ವಾಸನೆಯೂ ತಿಳಿಯದಿದ್ದರೆ ಕಾಲ್ಮನ್ ಸಿಂಡ್ರೋಮ್. ಬಹುಕಾಲ ನುಂಗಿದ ಸ್ಟಿರಾಯ್ಡ್, ಅಫೀಮು ಜಾತಿಯ ನೋವಿನ ಮದ್ದುಗಳೂ ಪಿಟ್ಯುಟರಿಯನ್ನು ಮಲಗಿಸುತ್ತವೆ. ಅಶ್ವಗಂಧ, ಶಿಲಾಜಿತ್ ಡಬ್ಬಿಗಳ ಬಗ್ಗೆ ಏನೇ ಹೇಳಲಿ, ತಲೆಯೊಳಗೆ ಗಡ್ಡೆ ಇದೆಯೋ ಇಲ್ಲವೋ ಎಂದು ಅವು ಹೇಳಲಾರವು.

ಇಷ್ಟೆಲ್ಲ ಹುಡುಕಿದ ಮೇಲೂ ನಡುವಯಸ್ಸಿನವರಲ್ಲಿ ಸಿಗುವ ಕಾರಣ ಹೆಚ್ಚಾಗಿ ಬೊಜ್ಜು ಮತ್ತು ಸಕ್ಕರೆ ಕಾಯಿಲೆ. ಪರೇಶ್ ದಂಡೋನ ಅವರ ತಂಡ ಅಮೆರಿಕದ ಬಫಲೋದಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟೈಪ್ 2 ಸಕ್ಕರೆ ಕಾಯಿಲೆಯ ಗಂಡಸರಲ್ಲಿ ಮೂರರಲ್ಲೊಬ್ಬರಿಗೆ ಫ್ರೀ ಟೆಸ್ಟೋಸ್ಟೆರಾನ್ ಕಡಿಮೆ ಇತ್ತು. ತೂಕ ಇಳಿಸಿದರೆ ಮಟ್ಟ ಮೇಲೇರಬಹುದು. ಇಲ್ಲಿ ನ್ಯಾಯವಾದ ಆಕ್ಷೇಪವೊಂದಿದೆ: ಎದ್ದು ಓಡಾಡಲು ಹುಮ್ಮಸ್ಸೇ ಇಲ್ಲದವನಿಗೆ ವಾಕಿಂಗ್ ಮಾಡು ಎಂದರೇನು ಬಂತು, ಹಾರ್ಮೋನು ಕೊಟ್ಟರೆ ತಾನೇ ಓಡಾಡುತ್ತಾನಲ್ಲ? ಆಕ್ಷೇಪದ ಪರವಾಗಿ ಪುರಾವೆಯೂ ಇದೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 1,007 ಆಸ್ಟ್ರೇಲಿಯನ್ ಗಂಡಸರನ್ನು ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿಸಿ, ಅರ್ಧದಷ್ಟು ಮಂದಿಗೆ ಎರಡು ವರ್ಷ ಟೆಸ್ಟೋಸ್ಟೆರಾನ್ ಚುಚ್ಚುಮದ್ದನ್ನೂ ಕೊಟ್ಟಾಗ, ಔಷಧ ಸಿಕ್ಕವರಲ್ಲಿ ಶೇ 12, ಸಿಗದವರಲ್ಲಿ ಶೇ 21 ಮಂದಿಗೆ ಸಕ್ಕರೆ ಕಾಯಿಲೆ ಕಂಡಿತು. ಆದರೆ ಔಷಧ ಪಡೆದ ಐವರಲ್ಲಿ ಒಬ್ಬರಿಗೂ ಹೆಚ್ಚು ಮಂದಿಯಲ್ಲಿ ರಕ್ತ ಮಿತಿಮೀರಿ ಮಂದವಾಯಿತು. ಇನ್ನೊಂದು ಪ್ರಯೋಗದಲ್ಲಿ, 65 ದಾಟಿದ 790 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಒಂದು ವರ್ಷ ಹಾರ್ಮೋನು ಕೊಟ್ಟಾಗ ಕಾಮಾಸಕ್ತಿ ತುಸು ಹೆಚ್ಚಿತು, ಹುಮ್ಮಸ್ಸಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಾಗಲಿಲ್ಲ. ಯಾವುದಕ್ಕಾಗಿ ಹೆಚ್ಚಿನವರು ಸೂಜಿ ಚುಚ್ಚಿಸಿಕೊಳ್ಳುತ್ತಾರೋ ಅದೇ ಸಿಗಲಿಲ್ಲ.

ಮಕ್ಕಳು ಬೇಕೆನ್ನುವವರು ಹೊರಗಿನ ಟೆಸ್ಟೋಸ್ಟೆರಾನ್ ಮುಟ್ಟಲೇಬಾರದು. ಮೇಲಿನ ಟ್ಯಾಂಕಿಗೆ ಟ್ಯಾಂಕರ್ ನೀರು ಸುರಿದರೆ ಮೋಟಾರು ನಿಲ್ಲುತ್ತದೆ. ಪಿಟ್ಯುಟರಿ ನಿಂತರೆ ವೀರ್ಯಾಣು ಉತ್ಪತ್ತಿಯೂ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 200 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ಕೊಟ್ಟು ಪ್ರಯೋಗ ಮಾಡಿದ್ದು ಪೌರುಷ ಹೆಚ್ಚಿಸಲಿಕ್ಕಲ್ಲ, ಗರ್ಭನಿರೋಧಕವಾಗಿ! ಜಿಮ್ಮಿನಲ್ಲಿ ತೋಳು ಬೆಳೆಸಲು ಚುಚ್ಚಿಸಿಕೊಳ್ಳುವ ಹುಡುಗರಿಗೆ ಇದನ್ನು ಯಾರೂ ಹೇಳುವುದಿಲ್ಲ. ಬಿಟ್ಟ ಮೇಲೆ ವೀರ್ಯಾಣು ಮರಳಲು ತಿಂಗಳುಗಳು, ಕೆಲವರಿಗೆ ವರ್ಷದ ಮೇಲೂ ಬೇಕು. ತೊಂದರೆ ಪಿಟ್ಯುಟರಿಯದಾದರೆ ಎಚ್‌ಸಿಜಿ, ಎಫ್‌ಎಸ್‌ಎಚ್ ಚುಚ್ಚುಮದ್ದುಗಳಿಂದ ವೃಷಣವನ್ನೇ ಎಬ್ಬಿಸುವ ದಾರಿ ಇದೆ.

ಕೊರತೆ ಖಚಿತವಾಗಿ, ಕಾರಣ ಗೊತ್ತಾಗಿ, ಅದು ಸರಿಹೋಗುವಂಥದ್ದಲ್ಲ ಎಂದಾದರೆ ಹಾರ್ಮೋನು ಖಂಡಿತ ಬೇಕು. ಕ್ಲೈನ್‌ಫೆಲ್ಟರ್ ಇರುವವನಿಗೆ ಮೂಳೆ, ಸ್ನಾಯು, ದಾಂಪತ್ಯ ಮೂರನ್ನೂ ಅದು ಕಾಯುತ್ತದೆ. ಹೃದಯಾಘಾತವಾಗುತ್ತದೆ ಎಂಬ ಹೆದರಿಕೆಯನ್ನು 2023ರಲ್ಲಿ ಪ್ರಕಟವಾದ, ಹೃದ್ರೋಗದ ಅಪಾಯವಿದ್ದ ಐದು ಸಾವಿರಕ್ಕೂ ಹೆಚ್ಚು ಗಂಡಸರ ಪ್ರಯೋಗ ಬಹಳಷ್ಟು ತಗ್ಗಿಸಿದೆ. ಆದರೂ ಎದೆಬಡಿತದ ಏರುಪೇರು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಔಷಧ ಪಡೆದವರಲ್ಲೇ ಹೆಚ್ಚು ಕಂಡಿತು. ಪ್ರಾಸ್ಟೇಟ್ ಕ್ಯಾನ್ಸರ್ ಇರುವವರಿಗೆ, ಮೊದಲೇ ರಕ್ತ ಮಂದವಾಗಿರುವವರಿಗೆ, ಆರು ತಿಂಗಳೊಳಗೆ ಹೃದಯಾಘಾತವೋ ಪಾರ್ಶ್ವವಾಯುವೋ ಆದವರಿಗೆ ಇದು ಸಲ್ಲದು. ಜೆಲ್ ಆದರೆ ದಿನಾ ಹಚ್ಚಬೇಕು, ಹಚ್ಚಿದ ತೋಳನ್ನು ಅಂಗಿಯಿಂದ ಮುಚ್ಚಿಕೊಂಡೇ ಮಗುವನ್ನು ಎತ್ತಿಕೊಳ್ಳಬೇಕು. ಚರ್ಮದಿಂದ ಚರ್ಮಕ್ಕೆ ಅದು ದಾಟುತ್ತದೆ. ದೀರ್ಘಾವಧಿಯ ಚುಚ್ಚುಮದ್ದಾದರೆ ಶುರುವಿನ ಎರಡು ಡೋಸ್ ಆದ ಮೇಲೆ ಸುಮಾರು 10ರಿಂದ 14 ವಾರಕ್ಕೊಂದು. ಮೂರರಿಂದ ಆರು ತಿಂಗಳೊಳಗೆ ಹಾರ್ಮೋನಿನ ಮಟ್ಟ ಮತ್ತು ರಕ್ತ ಎಷ್ಟು ಮಂದವಾಗಿದೆ ಎಂದು ತಿಳಿಸುವ ಹೆಮಟೋಕ್ರಿಟ್, ವಯಸ್ಸಿಗೆ ತಕ್ಕಂತೆ ಪ್ರಾಸ್ಟೇಟ್‌ಗಾಗಿ ಮಾಡುವ ಪಿಎಸ್‌ಎ ಪರೀಕ್ಷೆ ನೋಡಿಸಬೇಕು. ಹೆಮಟೋಕ್ರಿಟ್ ಶೇ 54 ದಾಟಿದರೆ ಔಷಧ ನಿಲ್ಲಿಸಿ ಅದು ಇಳಿಯುವ ತನಕ ಕಾಯಬೇಕು. ಮೊದಲ ಚೀಟಿ ಬರೆಸಿಕೊಳ್ಳುವ ದಿನವೇ ವೈದ್ಯರನ್ನು ಕೇಳಿ: ಮೂಲ ಲಕ್ಷಣಗಳಲ್ಲಿ ಇಂಥದ್ದು ಇಷ್ಟು ತಿಂಗಳಲ್ಲಿ ಸುಧಾರಿಸದಿದ್ದರೆ ಇದನ್ನು ನಿಲ್ಲಿಸೋಣವೇ? ಉತ್ತರವನ್ನು ಅದೇ ಚೀಟಿಯ ಹಿಂದೆ ತಾರೀಕು ಹಾಕಿ ಬರೆದಿಟ್ಟುಕೊಳ್ಳಿ.