ಬೆಳೆಗಾವಲಿನ ಕೋವಿಯೂ ಅದರ ಮದ್ದುಗುಂಡೂ

ಸಂಸೆ, ಕಳಸ ಮತ್ತು ಮೂಡಿಗೆರೆಯ ಮಲೆಸೀಮೆಯಲ್ಲಿ ಗದ್ದೆ ತೋಟಗಳು ಕಾಡಿನ ಅಂಚಿಗೇ ಸೇರಿಕೊಂಡಿರುವುದು ಸರ್ವವಿದಿತವು. ಭತ್ತವು ಹಾಲುಗಾಳಾಗುವ ಕಾಲದಲ್ಲಿ ಹಂದಿಗಳ ಹಿಂಡು ಒಂದು ಗದ್ದೆಗೆ ನುಗ್ಗಿದರೆ, ವರ್ಷದ ದುಡಿಮೆಯು ಒಂದೇ ರಾತ್ರಿಯಲ್ಲಿ ಮಣ್ಣುಪಾಲಾಗುತ್ತದೆ. ಬಾಳೆ, ಗೆಣಸು, ಏಲಕ್ಕಿಗಳಿಗೂ ಇದೇ ಗತಿ. ಈ ಕಾರಣದಿಂದ ಅನೇಕ ಮನೆಗಳಲ್ಲಿ ಬೆಳೆಗಾವಲಿಗೆಂದು ಕೋವಿಯನ್ನಿಟ್ಟುಕೊಳ್ಳುವ ವಾಡಿಕೆಯು ಬಹುಕಾಲದಿಂದ ನಡೆದುಬಂದಿದೆ.

ತೋಟೆಯ ಬೆಲೆ ಹೆಚ್ಚು, ಅಂಗಡಿಯು ದೂರ. ಹೀಗಿರುವಾಗ ಸುಟ್ಟ ತೋಟೆಗಳನ್ನು ಮನೆಯಲ್ಲಿಯೇ ಮರಳಿ ತುಂಬಿಕೊಂಡರೆ ಏನು ಎಂಬ ಪ್ರಶ್ನೆಯು ಕೆಲವರಲ್ಲಿ ಹುಟ್ಟುವುದು ಸಹಜವಾಗಿದೆ. ಈ ಪ್ರಶ್ನೆಗೆ ಸರಿಯಾದ ಉತ್ತರವನ್ನು ತಿಳಿಯದೆ ಕೆಲಸಕ್ಕೆ ಕೈಹಾಕಿದವರು ಬೆರಳನ್ನೋ ಕಣ್ಣನ್ನೋ ಕಳೆದುಕೊಳ್ಳುವ ಸಂಭವವುಂಟು. ಆದುದರಿಂದ ಕೋವಿ, ಮದ್ದು, ತೋಟೆ ಮತ್ತು ಕಾಯಿದೆಗಳ ವಿಚಾರವಾಗಿ ಪ್ರತಿಯೊಬ್ಬ ಜಮೀನುದಾರನೂ ತಿಳಿದಿರಬೇಕಾದ ಸಂಗತಿಗಳನ್ನು ಕೆಳಗೆ ವಿವರಿಸಲಾಗಿದೆ.

1. ಕೋವಿಗಳ ಬಗೆ

ಮಲೆನಾಡಿನಲ್ಲಿ ಕಾಣಬರುವ ಕೋವಿಗಳು ಮುಖ್ಯವಾಗಿ ಮೂರು ಬಗೆಯವು. ಮೊದಲನೆಯದು ಕೇಪಿನ ಕೋವಿ. ಇದರಲ್ಲಿ ಮದ್ದನ್ನೂ ಚರೆಯನ್ನೂ ನಳಿಗೆಯ ಬಾಯಿಯಿಂದಲೇ ಹಾಕಿ ಗಜದಿಂದ ಜಡಿಯಬೇಕು. ಕುದುರೆಯು ಕೇಪಿನ ಮೇಲೆ ಬಿದ್ದಾಗ ಕಿಡಿಯು ಒಳಕ್ಕೆ ಹರಿದು ಮದ್ದು ಹೊತ್ತಿಕೊಳ್ಳುತ್ತದೆ. ಎರಡನೆಯದು ತೋಟೆ ಕೋವಿ. ಇದರ ನಳಿಗೆಯ ಒಳಮೈ ನುಣುಪಾಗಿರುತ್ತದೆ. ಹನ್ನೆರಡು ಬೋರು ಎಂಬ ಹೆಸರಿನ ಅರ್ಥವೇನೆಂದರೆ, ಒಂದು ಪೌಂಡು ಸೀಸದಿಂದ 12 ಸಮನಾದ ಗುಂಡುಗಳನ್ನು ಎರೆದರೆ, ಅವುಗಳಲ್ಲಿ ಒಂದರಷ್ಟು ದಪ್ಪವು ಆ ನಳಿಗೆಯ ಒಳ ಅಗಲವೆಂದು. ಇದು ಸುಮಾರು 18.5 ಮಿಲಿಮೀಟರ್ ಆಗುತ್ತದೆ. ಮೂರನೆಯದು ರೈಫಲು. ಇದರ ನಳಿಗೆಯೊಳಗೆ ಸುರುಳಿಯಾದ ಗೀರುಗಳಿದ್ದು, ಒಂಟಿ ಗುಂಡು ತಿರುಗುತ್ತ ಹೊರಟು ಬಹು ದೂರ ಹೋಗುತ್ತದೆ. ಗದ್ದೆ, ಲೈನುಮನೆ, ಹಾದಿಗಳು ಒತ್ತಾಗಿರುವ ಕಣಿವೆಯಲ್ಲಿ ಬೆಳೆಗಾವಲಿಗೆ ಇದು ತಕ್ಕ ಆಯುಧವಲ್ಲ.

2. ಮದ್ದಿನ ಗುಣ

ಜನರು ಮಸಿಯೆಂದು ಕರೆಯುವ ಕರಿಮದ್ದು ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಮಿಶ್ರಣವು. ಇದು ದಟ್ಟವಾದ ಹೊಗೆಯನ್ನು ಬಿಟ್ಟು, ಸುಟ್ಟ ಮೇಲೆ ನಳಿಗೆಯಲ್ಲಿ ಕಿಟ್ಟವನ್ನು ಉಳಿಸುತ್ತದೆ. ಈಗಿನ ಕಾರ್ಖಾನೆಯ ತೋಟೆಗಳಲ್ಲಿರುವುದು ಹೊಗೆಯಿಲ್ಲದ ಮದ್ದು. ಇದು ನೋಟಕ್ಕೆ ಅಲ್ಪವಾಗಿ ತೋರಿದರೂ ಬಲದಲ್ಲಿ ಬಹಳ ಹೆಚ್ಚಿನದು. ಎಡೆಯು ಕಿರಿದಾದಷ್ಟೂ ಇದರ ಒತ್ತಡವು ಬಹು ಬೇಗನೆ ಏರುತ್ತದೆ. ತೋಟೆಯನ್ನು ಒಡೆದು ತೆಗೆದ ಈ ಮದ್ದನ್ನು ಕೇಪಿನ ಕೋವಿಗೆ ಎಂದಿಗೂ ಹಾಕಬಾರದು. ಕರಿಮದ್ದಿಗೆಂದು ಮಾಡಿದ ಹಳೆಯ ನಳಿಗೆಯು ಆ ಒತ್ತಡವನ್ನು ತಾಳಲಾರದೆ, ಹೊಡೆಯುವವನ ಮುಖದ ಬಳಿಯಲ್ಲಿಯೇ ಸೀಳಿಹೋಗುತ್ತದೆ.

3. ಸುಟ್ಟ ತೋಟೆಯನ್ನು ಮರಳಿ ತುಂಬುವ ವಿಚಾರ

ಅಮೆರಿಕ ಮುಂತಾದ ದೇಶಗಳಲ್ಲಿ ಬೇಟೆಗೂ ಗುರಿಯಾಟಕ್ಕೂ ರೈಫಲಿನ ತೋಟೆಗಳನ್ನು ಮನೆಯಲ್ಲಿಯೇ ಮರಳಿ ತುಂಬುವವರಿದ್ದಾರೆ. ಆದರೆ ಅಲ್ಲಿ ಈ ಕೆಲಸವು ಅಂದಾಜಿನಿಂದ ನಡೆಯುವುದಿಲ್ಲ. ಸುಟ್ಟ ಹಿತ್ತಾಳೆಯ ಕೊಳವೆಯನ್ನು ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತರುತ್ತಾರೆ. ಬಿರುಕು ಬಿಟ್ಟುದನ್ನು ಎಸೆಯುತ್ತಾರೆ. ಹೊಸ ಕೇಪನ್ನು ಕೂಡಿಸುತ್ತಾರೆ. ಮದ್ದನ್ನು ಗ್ರೇನಿನ ಲೆಕ್ಕದಲ್ಲಿ ತೂಗುತ್ತಾರೆ. ಒಂದು ಪೌಂಡಿಗೆ 7000 ಗ್ರೇನುಗಳೆಂದರೆ ಆ ತೂಕದ ಸೂಕ್ಷ್ಮತೆಯನ್ನು ಊಹಿಸಬಹುದು. ಯಾವ ಮದ್ದಿಗೆ, ಯಾವ ಗುಂಡಿಗೆ ಎಷ್ಟು ತೂಕವೆಂಬುದನ್ನು ತಯಾರಕರು ಪರೀಕ್ಷಿಸಿ ಪ್ರಕಟಿಸಿದ ಪಟ್ಟಿಯನ್ನು ನೋಡಿಯೇ ನಿರ್ಧರಿಸುತ್ತಾರೆ. ಕೊಂಚ ಹೆಚ್ಚಾದರೆ ಕೋವಿ ಒಡೆಯುತ್ತದೆ. ತೀರ ಕಡಿಮೆಯಾದರೆ ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡು, ಮುಂದಿನ ಈಡಿಗೆ ನಳಿಗೆಯೇ ಬಿರಿಯುತ್ತದೆ.

ಇಷ್ಟು ಸಲಕರಣೆ, ಇಷ್ಟು ತಿಳಿವಳಿಕೆ ಇಲ್ಲದೆ, ಬೆಂಕಿಕಡ್ಡಿಯ ಮದ್ದನ್ನೂ ಪಟಾಕಿಯ ಮದ್ದನ್ನೂ ಕೆರೆದು ತುಂಬುವುದು ಆತ್ಮಘಾತುಕವು. ಅಲ್ಲದೆ ನಮ್ಮ ದೇಶದಲ್ಲಿ 1959ರ ಆಯುಧಗಳ ಕಾಯಿದೆಯ 5ನೆಯ ಪ್ರಕರಣದ ಪ್ರಕಾರ ಮದ್ದುಗುಂಡನ್ನು ತಯಾರಿಸುವುದಕ್ಕೆ ಪ್ರತ್ಯೇಕ ಲೈಸೆನ್ಸು ಬೇಕು. ಕೋವಿಯ ಲೈಸೆನ್ಸೊಂದಿದ್ದರೆ ಈ ಅಧಿಕಾರವು ಬಂದಂತಾಗುವುದಿಲ್ಲ. ಪುಣೆಯ ಬಳಿಯ ಖಡಕಿಯಲ್ಲಿ 1869ರಲ್ಲಿ ಸ್ಥಾಪಿತವಾದ ಕಾರ್ಖಾನೆಯಂತಹ ಕಡೆಗಳಲ್ಲಿ ತಯಾರಾದ ತೋಟೆಗಳನ್ನು ಲೈಸೆನ್ಸುಳ್ಳ ವ್ಯಾಪಾರಿಯಿಂದ ಕೊಂಡು, ಪುಸ್ತಕದಲ್ಲಿ ನಮೂದು ಮಾಡಿಸುವುದೇ ಯೋಗ್ಯವಾದ ಮಾರ್ಗವು. ಉಳಿಸಬೇಕಾದುದು ತೋಟೆಯ ಹಣವೋ ಕೈಬೆರಳೋ ಎಂಬುದನ್ನು ಮನೆಯ ಯಜಮಾನನು ಆಲೋಚಿಸತಕ್ಕದ್ದು.

4. ಕೇಪಿನ ಕೋವಿಯುಳ್ಳವರು ಗಮನಿಸತಕ್ಕ ಅಂಶಗಳು

ಕೇಪಿನ ಕೋವಿಯಲ್ಲಿ ಪ್ರತಿ ಈಡನ್ನೂ ಯಜಮಾನನೇ ತುಂಬಬೇಕಾಗಿರುವುದರಿಂದ ಅವನ ಜವಾಬ್ದಾರಿಯು ಹೆಚ್ಚಿನದು.

(ಅ) ನಳಿಗೆಯು ಬರಿದಾಗಿರುವಾಗ ಗಜವನ್ನು ತಳದವರೆಗೆ ಇಳಿಸಿ, ನಳಿಗೆಯ ಬಾಯಿಯ ಮಟ್ಟಕ್ಕೆ ಒಂದು ಗೀರು ಹಾಕಬೇಕು. ಸರಿಯಾಗಿ ಈಡು ತುಂಬಿರುವಾಗ ಮತ್ತೊಂದು ಗೀರು ಹಾಕಬೇಕು. ಮುಂದೆ ಯಾವಾಗ ಗಜವನ್ನಿಳಿಸಿದರೂ ಕೋವಿಯು ಬರಿದೋ ತುಂಬಿದೆಯೋ ಎಂಬುದು ಗೀರಿನಿಂದಲೇ ತಿಳಿಯುತ್ತದೆ. ತುಂಬಿದ ಕೋವಿಗೆ ಮರೆತು ಮತ್ತೊಮ್ಮೆ ತುಂಬುವ ಅಪಾಯವು ಇದರಿಂದ ತಪ್ಪುತ್ತದೆ.

(ಆ) ಮದ್ದನ್ನು ಒಂದೇ ಗೊತ್ತಾದ ಅಳತೆಯಿಂದ ಹಾಕಬೇಕೇ ಹೊರತು ಅಂಗೈಯ ಅಂದಾಜಿನಿಂದಲ್ಲ. ಮದ್ದಿನ ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯಬಾರದು. ಹಿಂದಿನ ಈಡಿನ ಕೆಂಡವು ಒಳಗೆ ಉಳಿದಿದ್ದರೆ ಡಬ್ಬಿಯೇ ಕೈಯಲ್ಲಿ ಸಿಡಿಯುತ್ತದೆ.

(ಇ) ಗುಂಡು ಅಥವಾ ಚರೆಯು ಮದ್ದಿನ ಮೇಲೆ ಒತ್ತಾಗಿ ಕೂತಿರಬೇಕು. ನಡುವೆ ತೆರಪು ಇರಬಾರದು. ಜಡಿಯುವಾಗ ಮುಖವನ್ನೂ ಎದೆಯನ್ನೂ ನಳಿಗೆಯ ಬಾಯಿಗೆ ಅಡ್ಡವಾಗಿ ತರಬಾರದು. ಕೇಪನ್ನು ಕಟ್ಟಕಡೆಗೆ ಮಾತ್ರವೇ ಇಡತಕ್ಕದ್ದು.

(ಈ) ಕೇಪು ಹೊಡೆದರೂ ಈಡು ಹಾರದಿದ್ದಲ್ಲಿ, ಕೋವಿಯನ್ನು ನಿರ್ಜನವಾದ ದಿಕ್ಕಿಗೆ ಹಿಡಿದುಕೊಂಡು ಒಂದು ನಿಮಿಷದವರೆಗಾದರೂ ಕಾಯಬೇಕು. ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು.

5. ಮಳೆಗಾಲದ ರಕ್ಷಣೆ

ಕರಿಮದ್ದಿನ ಕಿಟ್ಟದಲ್ಲಿ ಉಪ್ಪಿನ ಅಂಶವಿದ್ದು, ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಂಜು ಮಳೆಗಳು ಬಿಡದ ಸಂಸೆಯಂತಹ ಊರಿನಲ್ಲಿ, ತೊಳೆಯದ ನಳಿಗೆಯು ಬೆಳಗಾಗುವುದರೊಳಗೆ ತುಕ್ಕು ಹಿಡಿಯಲಾರಂಭಿಸುತ್ತದೆ. ಬರಿಯ ಎಣ್ಣೆಯಿಂದ ಒರೆಸಿದರೆ ಈ ಉಪ್ಪು ಕರಗುವುದಿಲ್ಲ. ಕೋವಿಯನ್ನು ಬಳಸಿದ ದಿನವೇ ನಳಿಗೆಯನ್ನು ಬಿಸಿನೀರಿನಿಂದ ತೊಳೆದು, ಒಣಬಟ್ಟೆಯಿಂದ ತೇವವನ್ನೆಲ್ಲಾ ತೆಗೆದು, ಆಮೇಲೆ ಎಣ್ಣೆ ಸವರಬೇಕು.

ಮಲೆನಾಡಿನ ಮನೆಗಳಲ್ಲಿ ಒಣಗಬೇಕಾದ ವಸ್ತುಗಳನ್ನು ಒಲೆಯ ಮೇಲಣ ಅಟ್ಟದಲ್ಲಿಡುವ ರೂಢಿಯುಂಟು. ಮದ್ದನ್ನಾಗಲಿ ತೋಟೆಯನ್ನಾಗಲಿ ಹಾಗೆ ಇಡುವುದು ಮನೆಗೆ ಬೆಂಕಿಯನ್ನು ಕರೆದಂತೆ. ಅವುಗಳನ್ನು ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ, ಒಲೆ ದೀಪಗಳಿಂದ ದೂರವಾಗಿ, ಮಕ್ಕಳ ಕೈಗೆ ಸಿಕ್ಕದಂತೆ ಬೀಗದೊಳಗೆ ಇಡಬೇಕು. ಕೋವಿಯನ್ನು ಬರಿದು ಮಾಡಿ ಬೇರೆ ಕಡೆ ಇಡತಕ್ಕದ್ದು. ತೇವದಿಂದ ಉಬ್ಬಿದ ಅಥವಾ ಕಿಲುಬು ಹಿಡಿದ ತೋಟೆಯನ್ನು ಬಲವಂತದಿಂದ ಕೋವಿಗೆ ತುರುಕಬಾರದು. ವ್ಯಾಪಾರಿಗೆ ತೋರಿಸಿ ವಿಲೇವಾರಿ ಮಾಡಿಸಬೇಕು.

6. ಕಾಯಿದೆಯ ವಿಚಾರ

ಆಯುಧಗಳ ಕಾಯಿದೆಯ 13ನೆಯ ಪ್ರಕರಣವು ನಿಜವಾದ ಬೆಳೆರಕ್ಷಣೆಗಾಗಿ ಬಾಯಿಯಿಂದ ತುಂಬುವ ಕೋವಿಗೆ ಲೈಸೆನ್ಸನ್ನು ಕೊಡುವುದಕ್ಕೆ ಅವಕಾಶ ಮಾಡಿದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ ಬೇರೆ ಕೋವಿಗೂ ಲೈಸೆನ್ಸು ದೊರೆಯಬಹುದು. 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿಯು ಮೂರು ವರ್ಷಗಳಿಂದ ಐದು ವರ್ಷಗಳಿಗೆ ಏರಿದೆ. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯು ಚಿಕ್ಕಮಗಳೂರು ಜಿಲ್ಲೆಯ ರೈತರಿಗೆ ಅನ್ವಯಿಸುವುದಿಲ್ಲ.

ಲೈಸೆನ್ಸುದಾರನು ತೀರಿಕೊಂಡರೆ ಕೋವಿಯು ಗದ್ದೆಯಂತೆ ತಾನಾಗಿ ಮಗನಿಗೆ ಬರುವುದಿಲ್ಲ. ಅದನ್ನು ಸಮೀಪದ ಠಾಣೆಯಲ್ಲಿಯಾಗಲಿ ಲೈಸೆನ್ಸುಳ್ಳ ವ್ಯಾಪಾರಿಯಲ್ಲಿಯಾಗಲಿ ಠೇವಣಿಯಿಟ್ಟು, ರಶೀತಿ ಪಡೆದು, ಮಗನು ತನ್ನ ಹೆಸರಿಗೆ ಅರ್ಜಿ ಹಾಕಬೇಕು. ಯಜಮಾನನು ಮನೆಯಲ್ಲಿ ಮಲಗಿ, ಆಳಿನ ಕೈಗೆ ಕೋವಿ ಕೊಟ್ಟು ಗದ್ದೆ ಕಾಯಲು ಕಳುಹಿಸುವುದೂ ಅಪರಾಧವೇ.

ಇದಕ್ಕಿಂತಲೂ ಮುಖ್ಯವಾದ ಸಂಗತಿಯೊಂದುಂಟು. ಬೆಳೆಗಾವಲಿನ ಲೈಸೆನ್ಸು ಬೇಟೆಯ ಪರವಾನಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಬೇಟೆಯು ನಿಷಿದ್ಧವಾಗಿದೆ. ಕಾಡುಹಂದಿಯು ಈಗ ಆ ಕಾಯಿದೆಯ ಎರಡನೆಯ ಅನುಸೂಚಿಯಲ್ಲಿದ್ದು, ನಿಂತ ಬೆಳೆಗೆ ಅಪಾಯಕರವಾದಾಗ ಅಧಿಕಾರಿಯು ಕಾರಣವನ್ನು ಬರೆದು ಲಿಖಿತ ಆದೇಶ ಕೊಟ್ಟರೆ ಮಾತ್ರ ಅದನ್ನು ಹೊಡೆಯಬಹುದು. ಆನೆ, ಕಾಟಿ, ಹುಲಿ, ಚಿರತೆಗಳು ಮೊದಲನೆಯ ಅನುಸೂಚಿಯವು. ಬೆಳೆ ತಿಂದವೆಂಬ ಕಾರಣಕ್ಕೆ ಅವುಗಳನ್ನು ಹೊಡೆಯುವಂತಿಲ್ಲ. ಕುದುರೆಮುಖವು 1987ರಲ್ಲಿ ರಾಷ್ಟ್ರೀಯ ಉದ್ಯಾನವಾದುದರಿಂದ, ಅದರ ಹತ್ತು ಕಿಲೋಮೀಟರಿನೊಳಗಿನ ಕೋವಿದಾರರು ವನ್ಯಜೀವಿ ಅಧಿಕಾರಿಯಲ್ಲಿ ಹೆಸರು ನೋಂದಾಯಿಸಬೇಕೆಂದೂ, ಆ ಎಲ್ಲೆಯೊಳಗೆ ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಸಮ್ಮತಿ ಬೇಕೆಂದೂ 34ನೆಯ ಪ್ರಕರಣವು ವಿಧಿಸುತ್ತದೆ. ಸಂಸೆಯವರು ಇದನ್ನು ವಿಶೇಷವಾಗಿ ನೆನಪಿಡತಕ್ಕದ್ದು.

7. ಗುರಿಯ ಅಭ್ಯಾಸ

ತೋಟದ ಮರಕ್ಕೋ ಬಂಡೆಗೋ ಹೊಡೆದು ಗುರಿ ಕಲಿಯುವುದು ಸರಿಯಲ್ಲ. ಬಂಡೆಗೆ ತಗುಲಿದ ಗುಂಡು ದಿಕ್ಕು ತಪ್ಪಿ ಹಾರುತ್ತದೆ. ಮರದ ಆಚೆ ಕಾಫಿ ಕೊಯ್ಯುವ ಹೆಂಗಸರಿರಬಹುದು. ಗುರಿಯಾಟದಲ್ಲಿ ಆಸಕ್ತಿಯುಳ್ಳ ತರುಣರು, 1951ರಲ್ಲಿ ಸ್ಥಾಪಿತವಾದ ಭಾರತದ ರಾಷ್ಟ್ರೀಯ ರೈಫಲ್ ಸಂಘಕ್ಕೆ ಸೇರಿದ ಸಂಸ್ಥೆಗಳ ಮೈದಾನದಲ್ಲಿ, ಹಿಂದೆ ಮಣ್ಣಿನ ದಿಬ್ಬವುಳ್ಳ ಕಡೆ, ಬಲ್ಲವರ ಎದುರಿನಲ್ಲಿ ಕಲಿಯುವುದು ಉತ್ತಮ.

8. ಕೋವಿಯಲ್ಲದ ಉಪಾಯಗಳು

ಬೆಳೆಯು ಉಳಿಯುವುದು ಈಡಿಗಿಂತ ಹೆಚ್ಚಾಗಿ ಎಚ್ಚರದಿಂದಲೇ. ಅಕ್ಕಪಕ್ಕದ ಗದ್ದೆಯವರು ಸೇರಿ ಸರದಿಯಂತೆ ಅಟ್ಟಣೆಯಲ್ಲಿ ಕಾಯುವುದು, ತಮಟೆ ಡಬ್ಬಗಳ ಶಬ್ದ ಮಾಡುವುದು, ಗದ್ದೆಯಂಚಿನ ಪೊದೆಯನ್ನು ಸವರಿಸುವುದು, ಒಟ್ಟಾಗಿ ಸೌರಬೇಲಿ ಹಾಕಿಸಿ ಅದರ ತಂತಿಗೆ ಹುಲ್ಲು ಬಳ್ಳಿ ತಾಗದಂತೆ ನೋಡಿಕೊಳ್ಳುವುದು — ಇವು ಫಲಕಾರಿಯಾದ ಉಪಾಯಗಳು. ಬೇಲಿಗೆ ಮನೆಯ ವಿದ್ಯುತ್ತನ್ನು ನೇರವಾಗಿ ಹರಿಸುವುದು ಮಾತ್ರ ಮನುಷ್ಯಹತ್ಯೆಗೆ ದಾರಿ. ಉರುಳು ಮತ್ತು ಸಿಡಿಮದ್ದಿನ ಉಂಡೆಗಳೂ ಹಾಗೆಯೇ. ಅವು ಹಂದಿಯನ್ನೇ ಹುಡುಕಿಕೊಂಡು ಹೋಗುವುದಿಲ್ಲ. ದನವೋ ನಾಯಿಯೋ ಮಗುವೋ ಅವುಗಳಿಗೆ ಬಲಿಯಾಗಬಹುದು. 2020ರಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗಬ್ಬದ ಆನೆಯೊಂದು ಇಂತಹ ಸಿಡಿಮದ್ದನ್ನು ಕಚ್ಚಿ, ಬಾಯೊಡೆದು, ನೀರಿನಲ್ಲಿ ನಿಂತು ಸತ್ತುದನ್ನು ದೇಶವೇ ಕಂಡಿತು.

ಬೆಳೆ ನಷ್ಟವಾದಲ್ಲಿ ಗುರುತುಗಳು ಅಳಿಯುವ ಮೊದಲೇ ಚಿತ್ರ ತೆಗೆದು, ಅರಣ್ಯ ಇಲಾಖೆಗೆ ತಿಳಿಸಿ, ಪರಿಹಾರಕ್ಕೆ ಅರ್ಜಿ ಹಾಕಬೇಕು.

9. ಗ್ರಾಮದ ಮುಖಂಡರ ಕರ್ತವ್ಯ

ಊರಿನಲ್ಲಿ ಯಾರ ಯಾರ ಮನೆಯಲ್ಲಿ ಕೋವಿಯುಂಟು, ಯಾರ ಲೈಸೆನ್ಸಿನ ಅವಧಿ ಯಾವಾಗ ಮುಗಿಯುತ್ತದೆ ಎಂಬುದನ್ನು ಮುಖಂಡರು ತಿಳಿದಿದ್ದು, ಮುಂಚಿತವಾಗಿಯೇ ಎಚ್ಚರಿಸುವುದು ಲೇಸು. ಚುನಾವಣೆಯ ಕಾಲದಲ್ಲಿ ಕೋವಿಗಳನ್ನು ಠೇವಣಿಯಿಡಲು ಆದೇಶವಾದಾಗ ಪ್ರತಿಯೊಬ್ಬರೂ ರಶೀತಿ ಪಡೆಯುವಂತೆ ನೋಡಬೇಕು. ರಾತ್ರಿ ಗದ್ದೆ ಕಾಯುವವರ ಹೆಸರೂ ಸ್ಥಳವೂ ನೆರೆಯವರಿಗೆಲ್ಲಾ ತಿಳಿದಿರಬೇಕು. ಪೊದೆಯು ಅಲುಗಾಡಿದ ಮಾತ್ರಕ್ಕೆ ಅದು ಹಂದಿಯೇ ಎಂದು ತಿಳಿದು ಹೊಡೆದ ಈಡನ್ನು ಮರಳಿ ಕರೆಯುವ ಉಪಾಯವಿಲ್ಲ. ಹಾಳಾದ ಪೈರನ್ನು ಮುಂದಿನ ಮಳೆಗೆ ಮತ್ತೆ ನೆಡಬಹುದು. ಹೋದ ಜೀವವು ಬಾರದು.